ವರ್ಷಕ್ಕೆ ಐದು ನಿಮಿಷ, ಎರಡು ಕೋಟಿ ಉತಾರ

ವರ್ಷವೊಂದಕ್ಕೆ 5,25,600 ನಿಮಿಷ. ಅದರಲ್ಲಿ ಶೇ 99ರಷ್ಟು ಹೊತ್ತು ಸರ್ವರ್ ಕೆಲಸ ಮಾಡಿತು ಎಂದರೆ ಕೇಳುವುದಕ್ಕೆ ದೊಡ್ಡ ಮಾತು. ಉಳಿದ ಶೇ 1ನ್ನು ಬಿಡಿಸಿ ನೋಡಿದರೆ 3 ದಿನ 15 ಗಂಟೆ 36 ನಿಮಿಷ. ಶೇ 99.9 ಎಂದರೆ 8 ಗಂಟೆ 45 ನಿಮಿಷ ಬಂದ್. ಮುಂದೆ ಇನ್ನೊಂದು 9 ಸೇರಿಸಿದರೆ 52 ನಿಮಿಷ 34 ಸೆಕೆಂಡು. ಮತ್ತೂ ಒಂದು ಸೇರಿಸಿದರೆ, ಇಡೀ ವರ್ಷಕ್ಕೆ 5 ನಿಮಿಷ 15 ಸೆಕೆಂಡು. ಸರ್ವರ್ ನೋಡಿಕೊಳ್ಳುವವರ ಬಾಯಲ್ಲಿ ಇದು ‘ಫೈವ್ ನೈನ್ಸ್’. ಒಂದೊಂದು ಒಂಬತ್ತು ಏರಿದಂತೆ ಉಳಿಯುವ ಹೊತ್ತು ಹತ್ತನೇ ಒಂದಕ್ಕೆ ಇಳಿಯುತ್ತದೆ, ಅದಕ್ಕೆ ತಗಲುವ ಖರ್ಚು ಮತ್ತು ನಿದ್ದೆಗೇಡು ಏರುತ್ತಲೇ ಹೋಗುತ್ತವೆ.

ಈ ಶೇಕಡಾ ಲೆಕ್ಕ ಒಂದು ಸಂಗತಿಯನ್ನು ಮಾತ್ರ ಹೇಳುವುದಿಲ್ಲ: ಆ ಹೊತ್ತು ಯಾವ ಹೊತ್ತು ಎಂಬುದನ್ನು. 8 ಗಂಟೆ 45 ನಿಮಿಷ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಿದ್ದರೆ ಬಾಗಲಕೋಟೆ ಜಿಲ್ಲೆಯ ಬೀಳಗಿಯ ತಹಶೀಲ್ದಾರ್ ಕಚೇರಿಯಲ್ಲಿ ಒಂದು ಪೂರ್ತಿ ದಿನ ಹೋಯಿತು. ಕೃಷ್ಣೆಯ ಕಡೆಯ ಊರಿಂದಲೋ ಘಟಪ್ರಭೆಯ ಕಡೆಯ ಊರಿಂದಲೋ ಬಸ್ಸು ಹಿಡಿದು, ಆ ದಿನದ ಕೂಲಿ ಬಿಟ್ಟು ಬಂದವರಿಗೆ ಸಿಗುವುದು ಒಂದೇ ಮಾತು: “ಸರ್ವರ್ ಇಲ್ರಿ, ನಾಳೆ ಬರ್ರಿ.” ಅದೇ 8 ಗಂಟೆ 45 ನಿಮಿಷವನ್ನು ಎರಡು ಭಾನುವಾರದ ರಾತ್ರಿಗಳಿಗೆ ಹಂಚಿದರೆ ಕೌಂಟರಿನ ಮುಂದೆ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ. ವರ್ಷಕ್ಕೆ ಸುಮಾರು 250 ಕೆಲಸದ ದಿನ, ದಿನಕ್ಕೆ ಏಳೂವರೆ ಗಂಟೆ ಎಂದು ಹಿಡಿದರೆ ಕಚೇರಿಯ ಬಾಗಿಲು ತೆರೆದಿರುವುದು 1,875 ಗಂಟೆ. ವರ್ಷಕ್ಕಿರುವುದು 8,760 ಗಂಟೆ. ಉಳಿದ 6,885 ಗಂಟೆ, ಅಂದರೆ ಶೇ 78ಕ್ಕೂ ಹೆಚ್ಚು ಹೊತ್ತು, ಆ ಕೌಂಟರಿನಲ್ಲಿ ಯಾರೂ ನಿಂತಿರುವುದಿಲ್ಲ.

ಸರ್ವರ್ ನಿಲ್ಲುವುದಕ್ಕೆ ಕಾರಣ ನೂರಾರು. ಕರೆಂಟು ಹೋಗಬಹುದು, ಕೇಬಲ್ ಕಡಿಯಬಹುದು, ಡಿಸ್ಕ್ ಸಾಯಬಹುದು. ಅವೆಲ್ಲ ಹೇಳಿ ಬರುವುದಿಲ್ಲ. ಆಪರೇಟಿಂಗ್ ಸಿಸ್ಟಂ ಬದಲಾವಣೆ ಹಾಗಲ್ಲ. ಅದರ ದಿನ ವರ್ಷಗಳ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಜನರನ್ನು ನಿಲ್ಲಿಸುವ ಡೌನ್‌ಟೈಮ್, ಅಂದರೆ ಸರ್ವರ್ ಬಂದ್ ಇರುವ ಹೊತ್ತು, ಇದು. ಹಾಗಾಗಿ ನನಗೆ ಇದರ ಮೇಲೆ ಕಾಳಜಿ ಹೆಚ್ಚು.

ಕರ್ನಾಟಕದಲ್ಲಿ ಇದರ ಗಾತ್ರ ಅರಿಯಬೇಕಾದರೆ ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯನ್ನು ನೋಡಬೇಕು. ಪಹಣಿಗೆ ನಮ್ಮ ಕಡೆ ಉತಾರ ಎನ್ನುತ್ತೇವೆ. ಸುಮಾರು 9,000 ಗ್ರಾಮ ಲೆಕ್ಕಿಗರು, ಹಿರಿಯರ ಬಾಯಲ್ಲಿ ಇನ್ನೂ ‘ತಲಾಠಿ’ಗಳು, ತಲಾ ಮೂರು ನಾಲ್ಕು ಊರಿನ ದಫ್ತರ ಹೊತ್ತು ಕೈಯಿಂದ ಬರೆಯುತ್ತಿದ್ದ ಉತಾರಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಲಾಯಿತು. ಎಷ್ಟು? 2 ಕೋಟಿ ದಾಖಲೆ. 67 ಲಕ್ಷ ಭೂಮಾಲೀಕರು. 177 ತಾಲ್ಲೂಕು ಕೇಂದ್ರಗಳು. ಮೊದಲು ಬೆರಳೆಣಿಕೆಯ ತಾಲ್ಲೂಕುಗಳಲ್ಲಿ ಮಾಡಿ ನೋಡಿದರು. ಆಮೇಲೆ ಆಗಿದ್ದ 27 ಜಿಲ್ಲೆಗಳಲ್ಲಿ ಜಿಲ್ಲೆಗೊಂದರಂತೆ. ಅದಾದ ಮೇಲೆ ಉಳಿದವು. ಒಂದು ತಾಲ್ಲೂಕಿನಲ್ಲಿ ಕಿಯಾಸ್ಕ್ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿತು. ಹಿಂದಕ್ಕೆ ಹೋಗುವ ದಾರಿಯನ್ನೇ ಮುಚ್ಚಿ ಮುಂದೆ ನಡೆದ ಧೈರ್ಯ ಅದು.

ಆ ಕಿಯಾಸ್ಕಿನಲ್ಲಿ ಒಂದು ಏರ್ಪಾಡು ಇತ್ತು. ಕಂಪ್ಯೂಟರಿಗೆ ಎರಡು ಪರದೆ. ಒಂದು ಆಪರೇಟರ್ ಕಡೆಗೆ, ಇನ್ನೊಂದು ರೈತನ ಕಡೆಗೆ. ತನ್ನ ಸರ್ವೆ ನಂಬರು, ತನ್ನ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ ಎಂಬುದನ್ನು ರೈತ ಆಪರೇಟರ್ ನೋಡುವ ಹೊತ್ತಿಗೇ ತಾನೂ ನೋಡಬಹುದಿತ್ತು. ಪ್ರಿಂಟಿಗೆ ಆಗ 15 ರೂಪಾಯಿ. ಒಳಗೆ ಹೋಗುವ ಸಿಬ್ಬಂದಿಗೆ ಪಾಸ್‌ವರ್ಡ್ ಜೊತೆಗೆ ಬೆರಳಚ್ಚು ಬೇಕಿತ್ತು. ಇದೆಲ್ಲ ಓಡುತ್ತಿದ್ದುದು ವಿಂಡೋಸ್ ಎನ್‌ಟಿ 4.0 ಮೇಲೆ. ಕನ್ನಡ ಅಕ್ಷರ ಮೂಡಿಸಲು ಸಿ-ಡ್ಯಾಕ್ ತಂತ್ರಾಂಶ.

ಈಗ ಒಂದು ಲೆಕ್ಕ ಮಾಡೋಣ. 177 ತಾಲ್ಲೂಕು, 177 ಸರ್ವರ್. ಪ್ರತಿಯೊಂದರ ಆಪರೇಟಿಂಗ್ ಸಿಸ್ಟಂ ಬದಲಿಸಬೇಕು. ಕೆಲಸಗಾರರು ಬಹಳ ನುರಿತವರು. ಒಂದು ಸರ್ವರಿನಲ್ಲಿ ಎಲ್ಲ ಸರಿಯಾಗುವ ಸಾಧ್ಯತೆ ಶೇ 99 ಎಂದಿಟ್ಟುಕೊಳ್ಳಿ. ಹಾಗಾದರೆ 177ಕ್ಕೆ 177ರಲ್ಲೂ ತೊಂದರೆ ಇಲ್ಲದೆ ಮುಗಿಯುವ ಸಾಧ್ಯತೆ ಎಷ್ಟು? 0.99ನ್ನು 177 ಬಾರಿ ಗುಣಿಸಬೇಕು. ಬರುವ ಉತ್ತರ ಸುಮಾರು ಶೇ 17. ನೂರಕ್ಕೆ 99 ಅಂಕ ತೆಗೆಯುವವರ ಕೈಯಲ್ಲೂ ಇಡೀ ರಾಜ್ಯದ ಕೆಲಸ ತೊಡಕಿಲ್ಲದೆ ಮುಗಿಯುವುದು ಆರರಲ್ಲಿ ಒಂದು ಸಲ! ಒಬ್ಬೊಬ್ಬರ ಖಾತ್ರಿಯನ್ನು ಶೇ 99.9ಕ್ಕೆ ಏರಿಸಿದರೆ ಉತ್ತರ ಶೇ 84ಕ್ಕೆ ಜಿಗಿಯುತ್ತದೆ. ಶೇಕಡಾ ಒಂದಕ್ಕಿಂತಲೂ ಕಡಿಮೆ ವ್ಯತ್ಯಾಸ, 17ರಿಂದ 84ಕ್ಕೆ. ದೊಡ್ಡ ಸಂಖ್ಯೆಯ ಮುಂದೆ ‘ಬಹುತೇಕ ಸರಿ’ ಎಂಬುದಕ್ಕೆ ಬೆಲೆ ಇಲ್ಲ ಎಂಬುದನ್ನು ಇಷ್ಟು ಖಚಿತವಾಗಿ ತೋರಿಸುವ ಲೆಕ್ಕ ಇನ್ನೊಂದು ನನಗೆ ಗೊತ್ತಿಲ್ಲ.

ಆಮೇಲೆ ಭೂಮಿಯ ದತ್ತಾಂಶ ತಾಲ್ಲೂಕುಗಳಿಂದ ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೆ ಹೋಯಿತು. ಬೀಳಗಿಯಲ್ಲಿ ಈಗ ಬದಲಿಸಲು ಉತಾರದ ಸರ್ವರ್ ಇಲ್ಲ. ಬದಲಿಸುವ ಜಾಗ ಒಂದೇ, ಹಾಗಾಗಿ ಸುಗಮವಾಗಿ ಮುಗಿಯುವ ಸಾಧ್ಯತೆ ಮತ್ತೆ ಶೇ 99. ಆದರೆ ಉಳಿದ ಆ ಶೇ 1 ಬಂದರೆ 177 ತಾಲ್ಲೂಕೂ ಒಟ್ಟಿಗೆ ಬೀಳುತ್ತವೆ. ಸರಾಸರಿ ಲೆಕ್ಕದಲ್ಲಿ ಎರಡೂ ಒಂದೇ: ಬೇರೆ ಬೇರೆ ಇದ್ದಾಗಲೂ 1.77 ತಾಲ್ಲೂಕು ಕೆಡುತ್ತದೆ, ಒಂದೇ ಕಡೆ ಇದ್ದಾಗಲೂ 1.77. ಮೊದಲು ಬೀಳಗಿಯಲ್ಲಿ ಕೆಟ್ಟರೆ ಜಮಖಂಡಿಗೆ ಗೊತ್ತಾಗುತ್ತಿರಲಿಲ್ಲ, ಮುಧೋಳದಲ್ಲಿ ಕೆಲಸ ನಡೆದೇ ಇರುತ್ತಿತ್ತು. ಈಗ ಬೀಳಗಿಯಿಂದ ಕೊಳ್ಳೇಗಾಲದವರೆಗೆ ಒಂದೇ ನಿಮಿಷಕ್ಕೆ ನಿಲ್ಲುತ್ತದೆ. ಅಪಾಯ ಕಡಿಮೆಯಾಗಲಿಲ್ಲ, ಒಂದೇ ಕಡೆ ಗುಂಪುಗೂಡಿತು. ಕೇಂದ್ರೀಕರಣವನ್ನು ಹೊಗಳುವವರೂ ತೆಗಳುವವರೂ ಈ ಒಂದು ಅಂಕಿಯನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು.

ಇಷ್ಟು ಅಪಾಯವಿದ್ದರೆ ಬದಲಿಸುವುದೇಕೆ, ಓಡುತ್ತಿರುವುದು ಓಡಲಿ ಬಿಡಿ ಎಂದು ಕೇಳುವವರು ಎಲ್ಲ ಕಚೇರಿಯಲ್ಲೂ ಇದ್ದಾರೆ. ಉತ್ತರ ತಾರೀಖುಗಳಲ್ಲಿದೆ. ಎನ್‌ಟಿ 4.0 ಹೊರಬಂದದ್ದು 1996ರ ಜುಲೈನಲ್ಲಿ. 2004ರ ಡಿಸೆಂಬರ್ 31ಕ್ಕೆ ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತು. ವಿಂಡೋಸ್ 2000ಕ್ಕೆ 2010ರ ಜುಲೈ ಕೊನೆ. ಸರ್ವರ್ 2003ಕ್ಕೆ 2015ರ ಜುಲೈ 14. ಸರ್ವರ್ 2008ಕ್ಕೆ 2020ರ ಜನವರಿ 14. ಸರ್ವರ್ 2012ಕ್ಕೆ 2023ರ ಅಕ್ಟೋಬರ್ 10. ಲಿನಕ್ಸ್ ಕಡೆ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30. ಆ ದಿನ ದಾಟಿದ ಮೇಲೆ ಹೊಸ ತೂತು ಸಿಕ್ಕರೂ ತಯಾರಕರು ಮಾಮೂಲಾಗಿ ತೇಪೆ ಹಾಕುವುದಿಲ್ಲ. ಅದರ ಮುಂದೆ ನಮ್ಮ ಸರ್ವೆ ನಂಬರಿನ ಆಯುಸ್ಸು ನೋಡಿ. ಬೀಳಗಿ ಸೀಮೆ ಮುಂಬಯಿ ಇಲಾಖೆಯಲ್ಲಿದ್ದಾಗ, 19ನೇ ಶತಮಾನದಲ್ಲಿ ನಡೆದ ಸರ್ವೆಯ ಕಾಲದ ಹೊಲದ ನಂಬರುಗಳು ಇವತ್ತಿಗೂ ಜನರ ಬಾಯಲ್ಲಿವೆ. ಆಗಿನ ಕಂದಾಯ ಸೆಟಲ್‌ಮೆಂಟ್ ಸಹ 30 ವರ್ಷಕ್ಕೆ ನಿಗದಿಯಾಗುತ್ತಿತ್ತು. ಹತ್ತು ಹನ್ನೆರಡು ವರ್ಷಕ್ಕೆ ಸಾಯುವ ತಂತ್ರಾಂಶದ ಮೇಲೆ ನೂರಾರು ವರ್ಷ ಬಾಳುವ ದಾಖಲೆ ಕೂತಿದೆ. ಒಬ್ಬ ರೈತನ ಬಾಳುವೆಯಲ್ಲಿ ಅವನ ಹೊಲದ ಕೆಳಗಿನ ಆಪರೇಟಿಂಗ್ ಸಿಸ್ಟಂ ಐದಾರು ಸಲ ಬದಲಾಗಲೇಬೇಕು, ಪ್ರತಿ ಸಲವೂ ಅವನ ಒಂದು ಗುಂಟೆಯೂ ಅಲುಗಬಾರದು.

ಬದಲಾಗುವ ವಸ್ತುವಿನ ಗಾತ್ರವೂ ಬೆರಗು ಹುಟ್ಟಿಸುವಂಥದ್ದು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬಿಟ್ಟ ಮೊದಲ ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಸುಮಾರು 10,000 ಸಾಲು. 2025ರ ಆರಂಭದ ಹೊತ್ತಿಗೆ ಅದು 4 ಕೋಟಿ ಸಾಲು ದಾಟಿತು. ಪುಟಕ್ಕೆ 50 ಸಾಲಿನಂತೆ ಅಚ್ಚು ಹಾಕಿದರೆ 8 ಲಕ್ಷ ಪುಟ. 400 ಪುಟದ ಪುಸ್ತಕ ಮಾಡಿದರೆ 2,000 ಸಂಪುಟ. ಇದು ಕರ್ನಲ್ ಒಂದೇ. ಸರ್ವರುಗಳಲ್ಲಿ ಬಹಳ ಬಳಕೆಯಲ್ಲಿರುವ ಡೆಬಿಯನ್‌ನ 13ನೇ ಆವೃತ್ತಿ 2025ರ ಆಗಸ್ಟ್ 9ರಂದು ಬಂತು. ಅದರಲ್ಲಿ 69,830 ಪ್ಯಾಕೇಜು, ಅವುಗಳಲ್ಲಿ 44,326 ಹಿಂದಿನದಕ್ಕಿಂತ ಬದಲಾದವು. ಒಟ್ಟು ಸಾಲು 146 ಕೋಟಿ. ಭಾರತದ ಜನಸಂಖ್ಯೆಯೂ ಈಗ ಹತ್ತಿರಹತ್ತಿರ ಅಷ್ಟೇ. ತಲೆಗೊಂದು ಸಾಲಿನಂತೆ ಹಂಚಿದರೆ ಬೀಳಗಿಯ ಪ್ರತಿಯೊಬ್ಬರ ಪಾಲಿಗೂ ಒಂದು ಬರುತ್ತದೆ. ಒಂದು ಸರ್ವರಿಗೆ ಬೇಕಾಗುವುದು ಇದರಲ್ಲಿ ಕೆಲವು ನೂರು ಪ್ಯಾಕೇಜು ಮಾತ್ರ, ನಿಜ. ಆ ಕೆಲವು ನೂರರ ಒಳಗೇ ಕೋಟಿಗಟ್ಟಲೆ ಸಾಲುಗಳಿವೆ, ಅವನ್ನು ಓದಿ ಮುಗಿಸಿದ ಮನುಷ್ಯ ಯಾರೂ ಇಲ್ಲ.

ಸಕ್ಕರೆ ಕಾರ್ಖಾನೆಗಳಿರುವ ನಾಡು ನಮ್ಮದು. ಬಾಡಗಂಡಿಯಲ್ಲಿ ಬೀಳಗಿ ಶುಗರ್ ಇದೆ. ಮುಧೋಳ, ಜಮಖಂಡಿ ಕಡೆ ಇನ್ನೂ ಹಲವು. ಹಂಗಾಮು ಶುರುವಾದರೆ ಹಗಲುರಾತ್ರಿ ಕಬ್ಬು ನುರಿಯುತ್ತದೆ, ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಮಿಲ್ ಬಿಚ್ಚಿ ರಿಪೇರಿ ಮಾಡುತ್ತಾರೆ. ಸರ್ವರುಗಳಲ್ಲಿ ಕೆಲವಕ್ಕೆ ಅಂಥ ಬಿಡುವು ಉಂಟು, ಕೆಲವಕ್ಕೆ ಇಲ್ಲ. ಕಚೇರಿಯ ಕೌಂಟರಿಗೆ ರಾತ್ರಿ ಇದೆ. ಬೀಳಗಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರ ಮುಂದೆ ಅಂಟಿಸಿದ ಕ್ಯೂಆರ್ ಹಾಳೆಯ ಹಿಂದಿನ ಸರ್ವರಿಗೆ ರಾತ್ರಿಯೇ ಇಲ್ಲ. 2025ರ ಆಗಸ್ಟಿನಲ್ಲಿ ದೇಶದಲ್ಲಿ ನಡೆದ ಯುಪಿಐ ವಹಿವಾಟು 2,001 ಕೋಟಿ. ದಿನಕ್ಕೆ 64.5 ಕೋಟಿ. ಸೆಕೆಂಡಿಗೆ ಸರಾಸರಿ 7,400ಕ್ಕೂ ಹೆಚ್ಚು. ಒಂದು ನಿಮಿಷ ನಿಂತರೆ ನಾಲ್ಕೂವರೆ ಲಕ್ಷ ಜನ “ಹೋತೇನ್ರಿ? ಬಂತೇನ್ರಿ?” ಎಂದು ಫೋನ್ ನೋಡುತ್ತಾ ನಿಲ್ಲುತ್ತಾರೆ. ಫೈವ್ ನೈನ್ಸ್ ಪ್ರಕಾರ ವರ್ಷಕ್ಕೆ ಸಿಗುವ ಆ 5 ನಿಮಿಷ 15 ಸೆಕೆಂಡನ್ನು ಒಟ್ಟಿಗೆ ಖರ್ಚು ಮಾಡಿದರೂ 23 ಲಕ್ಷ ವಹಿವಾಟು ತಪ್ಪುತ್ತವೆ.

ಇಂಥ ಕಡೆ ಒಂದೇ ಯಂತ್ರ ಎಂದೂ ಇರುವುದಿಲ್ಲ. ಸಾಲಾಗಿ ಹತ್ತಾರು ಇರುತ್ತವೆ. ಸಾಲಿನಿಂದ ಒಂದಕ್ಕೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸುತ್ತಾರೆ, ಅದರ ಕೈಯಲ್ಲಿದ್ದ ಕೆಲಸ ಮುಗಿಯುವವರೆಗೆ ಕಾಯುತ್ತಾರೆ, ಹೊರಗೆ ತೆಗೆದು ಹೊಸ ಸಿಸ್ಟಂ ಹಾಕಿ, ಪರೀಕ್ಷಿಸಿ, ಸಾಲಿಗೆ ಸೇರಿಸುತ್ತಾರೆ. ಆಮೇಲೆ ಮುಂದಿನದು. ಗೂಗಲ್‌ನವರು ರೆಡ್ ಹ್ಯಾಟ್ 7.1 ಎಂಬ 2001ರ ಸಿಸ್ಟಂ ಮೇಲಿದ್ದ ಸಾವಿರಾರು ಸರ್ವರುಗಳನ್ನು ಹತ್ತು ವರ್ಷ ಹೊಸದಾದ ಡೆಬಿಯನ್ ಮೂಲದ ಸಿಸ್ಟಂಗೆ ದಾಟಿಸಿದ ಬಗೆಯನ್ನು 2013ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಒಂದೇ ಜಿಗಿತ ಇರಲಿಲ್ಲ; ಪ್ಯಾಕೇಜಿನ ಮೇಲೆ ಪ್ಯಾಕೇಜು, ಸಣ್ಣ ಸಣ್ಣ ಹೆಜ್ಜೆ, ಯಂತ್ರಗಳು ಕೆಲಸದಲ್ಲಿ ಇದ್ದಂತೆಯೇ.

ಓಡುತ್ತಿರುವ ಯಂತ್ರವನ್ನೇ ಇನ್ನೊಂದು ಪೆಟ್ಟಿಗೆಗೆ ಎತ್ತಿಡುವ ವಿದ್ಯೆಯೂ ಇದೆ: ಲೈವ್ ಮೈಗ್ರೇಷನ್. ಇವತ್ತಿನ ಬಹುತೇಕ ಸರ್ವರುಗಳು ವರ್ಚುವಲ್. ಒಂದು ದೊಡ್ಡ ಯಂತ್ರದೊಳಗೆ ಹಲವು. ಆ ದೊಡ್ಡ ಯಂತ್ರದ ಆಪರೇಟಿಂಗ್ ಸಿಸ್ಟಂ ಬದಲಿಸಬೇಕಾದರೆ ಒಳಗಿನವನ್ನು ಪಕ್ಕದ ಯಂತ್ರಕ್ಕೆ ದಾಟಿಸಬೇಕು. 64 ಜಿಬಿ ಮೆಮೊರಿಯ ಒಂದು ಸರ್ವರ್ ತೆಗೆದುಕೊಳ್ಳಿ. ಮೆಮೊರಿ 4 ಕೆಬಿಯ ಪುಟಗಳಾಗಿ ಹಂಚಿಹೋಗಿರುತ್ತದೆ. ಅಂಥ ಪುಟಗಳು 1,67,77,216. ಭೂಮಿಗೆ ಏರಿದ 2 ಕೋಟಿ ಉತಾರಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಸೆಕೆಂಡಿಗೆ 10 ಗಿಗಾಬಿಟ್ ಲೈನಿನಲ್ಲಿ ಅಷ್ಟನ್ನೂ ನಕಲಿಸಲು ಸುಮಾರು 55 ಸೆಕೆಂಡು. ಆದರೆ ಸರ್ವರ್ ಓಡುತ್ತಲೇ ಇದೆ, ನಕಲಾದ ಪುಟಗಳು ಮತ್ತೆ ಬದಲಾಗುತ್ತಿವೆ. ಸೆಕೆಂಡಿಗೆ 50 ಎಂಬಿ ಬದಲಾಗುತ್ತದೆ ಎಂದು ಹಿಡಿದರೆ, ಆ 55 ಸೆಕೆಂಡಿನಲ್ಲಿ ಹಳತಾದದ್ದು 2,750 ಎಂಬಿ. ಅದನ್ನು ಮತ್ತೆ ಕಳಿಸಲು 2.2 ಸೆಕೆಂಡು. ಅಷ್ಟರಲ್ಲಿ ಇನ್ನೂ 110 ಎಂಬಿ ಬದಲಾಗಿದೆ, ಅದಕ್ಕೆ 0.088 ಸೆಕೆಂಡು. ಅಷ್ಟರಲ್ಲಿ 4.4 ಎಂಬಿ. ಇಲ್ಲಿಗೆ ಬಂದಾಗ ಸರ್ವರನ್ನು ನಿಲ್ಲಿಸಿ ಉಳಿದದ್ದನ್ನು ಕಳಿಸಿಬಿಟ್ಟರೆ ಬೇಕಾಗುವುದು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರೂವರೆ ಪಾಲು. ಒಂದು ಕೋಟಿ ಅರವತ್ತೇಳು ಲಕ್ಷ ಪುಟಗಳ ಗುಳೆ ನಾಲ್ಕು ಸುತ್ತಿನಲ್ಲಿ ಮುಗಿಯಿತು. ಕಾಗದದ ಮೇಲಿನ ಈ ಲೆಕ್ಕಕ್ಕಿಂತ ನಿಜದಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ. 2005ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಜನ ಆಡುತ್ತಿದ್ದ ಕ್ವೇಕ್ ಆಟದ ಸರ್ವರನ್ನೇ ಹೀಗೆ ಸ್ಥಳಾಂತರಿಸಿದಾಗ ಅದು ನಿಂತದ್ದು 60 ಮಿಲಿಸೆಕೆಂಡು. ಕಣ್ಣೆವೆ ಬಡಿಯಲು ಅದಕ್ಕಿಂತ ಜಾಸ್ತಿ ಬೇಕು.

ಇನ್ನೂ ಸಣ್ಣ ಸಂಖ್ಯೆಯೊಂದಿದೆ: 5. ಲಿನಕ್ಸ್ ಕರ್ನಲ್ಲಿನಲ್ಲಿ ಹತ್ತಾರು ಸಾವಿರ ಫಂಕ್ಷನ್‌ಗಳಿವೆ. ನಮ್ಮ ಸಾಮಾನ್ಯ ಸರ್ವರುಗಳಲ್ಲಿ ಅವುಗಳ ತಲೆಬಾಗಿಲಲ್ಲಿ ಏನೂ ಮಾಡದ 5 ಬೈಟ್ ಜಾಗವನ್ನು ಮೊದಲೇ ಖಾಲಿ ಬಿಟ್ಟಿರುತ್ತಾರೆ. ನಾಳೆ ಒಂದು ಫಂಕ್ಷನ್ನಿನಲ್ಲಿ ಭದ್ರತೆಯ ತೂತು ಸಿಕ್ಕಿತೆನ್ನಿ. ಸರಿಪಡಿಸಿದ ಹೊಸ ಫಂಕ್ಷನ್ನನ್ನು ಮೆಮೊರಿಯಲ್ಲಿ ಬೇರೆ ಕಡೆ ಇಟ್ಟು, ಹಳೆಯದರ ಬಾಗಿಲಲ್ಲಿರುವ ಆ 5 ಬೈಟುಗಳಲ್ಲಿ ‘ಅಲ್ಲಿಗೆ ಹೋಗು’ ಎಂದು ಬರೆದರೆ ಮುಗಿಯಿತು. ಒಳಗೆ ಹಳೆಯ ಕೆಲಸದಲ್ಲಿ ಇರುವವು ಮುಗಿಸಿ ಹೊರಬರುತ್ತವೆ, ಹೊಸದಾಗಿ ಬರುವವು ಹೊಸ ಕಡೆಗೆ ಹೋಗುತ್ತವೆ. ರೀಬೂಟ್ ಇಲ್ಲ. ಎಂಐಟಿಯಲ್ಲಿ ಜೆಫ್ ಆರ್ನಾಲ್ಡ್ 2008ರಲ್ಲಿ ಕೆಸ್ಪ್ಲೈಸ್ ಎಂಬ ಹೆಸರಿನಲ್ಲಿ ಓಡುವ ಕರ್ನಲ್ಲಿಗೆ ತೇಪೆ ಹಾಕುವ ದಾರಿ ತೋರಿಸಿದರು. ಮೂರು ವರ್ಷದ 64 ಭದ್ರತಾ ತೇಪೆಗಳನ್ನು ತೆಗೆದುಕೊಂಡು ನೋಡಿದಾಗ 56ನ್ನು ಹೊಸ ಕೋಡ್ ಬರೆಯದೆಯೇ ಹಾಕಬಹುದಿತ್ತು. 2015ರ ಏಪ್ರಿಲ್‌ನ ಲಿನಕ್ಸ್ 4.0ರಿಂದ ಈ ಸೌಲಭ್ಯ ಕರ್ನಲ್ಲಿನ ಒಳಗೇ ಇದೆ. ಇದರಿಂದ ಆವೃತ್ತಿಯಿಂದ ಆವೃತ್ತಿಗೆ ಜಿಗಿಯಲು ಆಗದು. ಆದರೆ ದೊಡ್ಡ ಬದಲಾವಣೆಗೆ ಸರಿಯಾದ ರಾತ್ರಿ ಸಿಗುವವರೆಗೆ ಕಾಯುವ ಧೈರ್ಯ ಕೊಡುತ್ತದೆ.

ಇಷ್ಟೆಲ್ಲ ವಿದ್ಯೆ ಇದ್ದೂ ಅಪ್‌ಗ್ರೇಡ್‌ನಲ್ಲಿ ನನಗೆ ಭಯ ಹುಟ್ಟಿಸುವುದು ನಿಲ್ಲುವ ಸರ್ವರ್ ಅಲ್ಲ, ನಿಲ್ಲದೆ ತಪ್ಪು ಹೇಳುವ ಸರ್ವರ್. 2018ರ ಆಗಸ್ಟ್ 1ರಂದು ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2.28 ಆವೃತ್ತಿ ಬಂತು. ಅದರಲ್ಲಿ ಅಕ್ಷರ, ಅಂಕಿ, ಚಿಹ್ನೆಗಳನ್ನು ಸಾಲಾಗಿ ಜೋಡಿಸುವ ನಿಯಮ ಬದಲಾಯಿತು. ಹಳೆಯ ನಿಯಮದಲ್ಲಿ 11 ಮೊದಲು, 1-1 ಆಮೇಲೆ. ನಡುವಿನ ಗೀಟಿಗೆ ಲೆಕ್ಕವಿರಲಿಲ್ಲ. ಹೊಸ ನಿಯಮದಲ್ಲಿ 1-1 ಮೊದಲು, 11 ಆಮೇಲೆ. ಬದಲಾದದ್ದು ಇಷ್ಟೇ.

ಅದರಿಂದ ಏನಾಗುತ್ತದೆ ನೋಡಿ. 2 ಕೋಟಿ ದಾಖಲೆಯಲ್ಲಿ ಒಂದನ್ನು ಹುಡುಕಲು ಡೇಟಾಬೇಸ್ ಎಲ್ಲವನ್ನೂ ತಡಕುವುದಿಲ್ಲ. ಸೂಚಿಯಲ್ಲಿ ನಡುವಿಗೆ ಹೋಗಿ, ಬೇಕಾದದ್ದು ಇದಕ್ಕಿಂತ ಮುಂದೋ ಹಿಂದೋ ಎಂದು ಕೇಳುತ್ತದೆ. ಪ್ರತಿ ಸಲ ಅರ್ಧ ಬಿಟ್ಟುಬಿಡುತ್ತದೆ. 2ನ್ನು 25 ಸಲ ಗುಣಿಸಿದರೆ ಸುಮಾರು 3.36 ಕೋಟಿ, ಆದ್ದರಿಂದ 2 ಕೋಟಿಗೆ 25 ಪ್ರಶ್ನೆ ಸಾಕು. ಎರಡು ಕೋಟಿಯಲ್ಲಿ ಒಂದನ್ನು 25 ಹೆಜ್ಜೆಯಲ್ಲಿ ಹಿಡಿಯುವ ಈ ಜಾಣತನ ಸಾಲು ಸರಿಯಾಗಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಡಿಸ್ಕಿನಲ್ಲಿ ಸೂಚಿ ಹಳೆಯ ನಿಯಮದಲ್ಲಿ ಜೋಡಿಸಿಟ್ಟದ್ದು, ಕೇಳುವವರು ಹೊಸ ನಿಯಮದವರು. 25ರಲ್ಲಿ ಒಂದು ಪ್ರಶ್ನೆಗೆ ತಪ್ಪು ಉತ್ತರ ಬಂದರೆ ಹುಡುಕಾಟ ಬೇರೆ ದಾರಿ ಹಿಡಿದು, ಇರುವ ದಾಖಲೆಯನ್ನೇ ‘ಇಲ್ಲ’ ಎನ್ನುತ್ತದೆ. ಇಲ್ಲ ಎಂದಮೇಲೆ ಅದೇ ನಂಬರನ್ನು ಎರಡನೇ ಸಲ ಸೇರಿಸಲು ಬಿಟ್ಟುಕೊಡುತ್ತದೆ. ಲಿನಕ್ಸ್ ಮೇಲಿನ ಪೋಸ್ಟ್‌ಗ್ರೆಸ್ ಡೇಟಾಬೇಸುಗಳಿಗೆ ಈ ಪಾಡು ನಿಜವಾಗಿ ಬಂತು. ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಆಗಿ, ಸರ್ವರ್ ಚೆನ್ನಾಗಿ ಎದ್ದು, ಒಂದೇ ಒಂದು ಎರರ್ ಬಾರದೆ, ಸೂಚಿಗಳು ಒಳಗೊಳಗೇ ಕೆಟ್ಟಿದ್ದವು. ಭೂಮಿ ಬಳಸಿದ ಡೇಟಾಬೇಸ್ ಬೇರೆ, ಈ ತೊಂದರೆ ಅದಕ್ಕೆ ಬಂದದ್ದಲ್ಲ. ಆದರೂ ಸರ್ವೆ ನಂಬರು, ಹಿಸ್ಸಾ ನಂಬರು, ನಡುವೆ ಒಂದು ಗೀಟು ಎಂಬ ಬರವಣಿಗೆ ಬಲ್ಲ ನಮ್ಮ ಸೀಮೆಯವರಿಗೆ 1-1ಕ್ಕೂ 11ಕ್ಕೂ ಇರುವ ಅಂತರ ಎಷ್ಟು ಎಕರೆ ಎಂದು ಬಿಡಿಸಿ ಹೇಳಬೇಕಿಲ್ಲ. ಪರಿಹಾರ ಸುಲಭ: ಅಪ್‌ಗ್ರೇಡ್ ಆದ ಕೂಡಲೇ ಸೂಚಿಗಳನ್ನು ಹೊಸದಾಗಿ ಕಟ್ಟಬೇಕು. ಅದಕ್ಕೆ ಬೇಕಾದ ಹೊತ್ತನ್ನು ಡೌನ್‌ಟೈಮ್ ಲೆಕ್ಕದಲ್ಲಿ ಮೊದಲೇ ಸೇರಿಸಿದ್ದವರು ಉಳಿದುಕೊಂಡರು.

ಎಲ್ಲವನ್ನೂ ಒಂದೇ ಸಲ ಬದಲಿಸುವುದು ಇನ್ನೊಂದು ಅಪಾಯ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ 52 ಲಕ್ಷ ಗ್ರಾಹಕರನ್ನು ಒಂದೇ ಸಲ ಹೊಸ ವ್ಯವಸ್ಥೆಗೆ ದಾಟಿಸಿತು. ದತ್ತಾಂಶ ಪೂರ್ತಿ ಸುರಕ್ಷಿತವಾಗಿ ಬಂತು. ಅದನ್ನು ಹೊತ್ತ ವ್ಯವಸ್ಥೆ ಕುಸಿಯಿತು. 19 ಲಕ್ಷ ಜನ ತಮ್ಮ ಖಾತೆಗೆ ಹೋಗಲಾರದೆ ಹೊರಗೆ ನಿಂತರು. ಪೂರ್ತಿ ಸರಿಹೋಗುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ನಾಲ್ಕು ವರ್ಷದ ಮೇಲೆ ಬಿದ್ದ ದಂಡ 4 ಕೋಟಿ 86.5 ಲಕ್ಷ ಪೌಂಡ್. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕಂಪನಿ ಬಿಟ್ಟ ಒಂದು ತಪ್ಪು ಫೈಲು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:39ರಿಂದ 10:57ರವರೆಗೆ, 78 ನಿಮಿಷ ಮಾತ್ರ ಹೊರಗಿತ್ತು. ಅಷ್ಟರಲ್ಲಿ 85 ಲಕ್ಷ ವಿಂಡೋಸ್ ಯಂತ್ರ ಬಿದ್ದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ನಿಂತಿತು. ಕಾರಣ? ಫೈಲು 21 ಮೌಲ್ಯ ಕೇಳುತ್ತಿತ್ತು, ತಂತ್ರಾಂಶ ಕೊಡುತ್ತಿದ್ದದ್ದು 20. ಮೊದಲು ನೂರು ಯಂತ್ರಕ್ಕೆ ಕಳಿಸಿ ಒಂದು ಗಂಟೆ ಕಾದಿದ್ದರೆ ನೂರರಲ್ಲೇ ನಿಲ್ಲುತ್ತಿತ್ತು. ಜಿಲ್ಲೆಗೊಂದು ತಾಲ್ಲೂಕಿನಂತೆ ಹೆಜ್ಜೆಯಿಟ್ಟ 2000ದ ಭೂಮಿ ತಂಡಕ್ಕೆ ಗೊತ್ತಿದ್ದ ಸಂಗತಿ ಇದು.

ಬ್ಯಾಕಪ್ ಇದೆಯಲ್ಲ ಎಂದು ನಿಶ್ಚಿಂತೆಯಾಗಿ ಇರುವವರಿಗೆ 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕೋಡ್ ಸಂಗ್ರಹದ ತಾಣದಲ್ಲಿ ನಡೆದ ಘಟನೆ ನೆನಪಿಸಬೇಕು. ರಾತ್ರಿ ಒಬ್ಬ ಇಂಜಿನಿಯರ್ ತಪ್ಪಿ ನಿಜವಾದ ಡೇಟಾಬೇಸನ್ನೇ ಅಳಿಸಿದಾಗ ಹೋದದ್ದು ಸುಮಾರು 300 ಜಿಬಿ. ಕಾಪಾಡಲು ಐದು ಬಗೆಯ ಏರ್ಪಾಡು ಇತ್ತು, ಐದೂ ನೆಚ್ಚುವಂತಿರಲಿಲ್ಲ. ಆರು ಗಂಟೆ ಮೊದಲು ಬೇರೆ ಯಾವುದೋ ಕೆಲಸಕ್ಕೆ ಒಬ್ಬರು ಕೈಯಾರೆ ತೆಗೆದಿಟ್ಟ ಪ್ರತಿಯಿಂದ ಉಳಿದುಕೊಂಡರು. ಆದ್ದರಿಂದ ಅಪ್‌ಗ್ರೇಡ್‌ಗೆ ಮೊದಲು ಕೇಳಬೇಕಾದ ಪ್ರಶ್ನೆ ಬ್ಯಾಕಪ್ ತೆಗೆದಿರಾ ಎಂಬುದಕ್ಕಿಂತ, ಅದನ್ನು ಬೇರೆ ಯಂತ್ರಕ್ಕೆ ಹಾಕಿ ಎಬ್ಬಿಸಿ ನೋಡಿದಿರಾ, ಎಬ್ಬಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದು. ಆ ಕೊನೆಯ ಅಂಕಿಯೇ ಇಡೀ ರಾತ್ರಿಯನ್ನು ಆಳುತ್ತದೆ. ಶನಿವಾರ ರಾತ್ರಿ 12ಕ್ಕೆ ಶುರು, ಬೆಳಿಗ್ಗೆ 6ಕ್ಕೆ ಬಿಟ್ಟುಕೊಡಬೇಕು, ಹಿಂದಕ್ಕೆ ಹೋಗಲು 2 ಗಂಟೆ ಬೇಕು ಎಂದರೆ ತೀರ್ಮಾನದ ಹೊತ್ತು 4. ನಾಲ್ಕಕ್ಕೆ ಕೆಲಸ ಮುಗಿಯದಿದ್ದರೆ, ಇನ್ನು ಹತ್ತೇ ನಿಮಿಷ ಎಂದು ಯಾರೆಂದರೂ ಕೇಳದೆ ಹಿಂದಕ್ಕೆ ಹೋಗಬೇಕು. ಆ ಮಾತನ್ನು ಹಗಲಿನಲ್ಲಿ, ತಲೆ ತಣ್ಣಗಿರುವಾಗ ಬರೆದಿಡಬೇಕು. ರಾತ್ರಿ ನಾಲ್ಕಕ್ಕೆ ದಣಿದ ಮನುಷ್ಯ ಆಶಾವಾದಿಯಾಗಿರುತ್ತಾನೆ.

ಬೀಳಗಿಯವರಿಗೆ ಇದು ಈಗ ದೂರದ ಬೆಂಗಳೂರಿನ ತಂತ್ರಜ್ಞರ ಸಂಗತಿಯಾಗಿ ಉಳಿದಿಲ್ಲ. ಆಲಮಟ್ಟಿ ಅಣೆಕಟ್ಟೆಯ ನೀರು ಸದ್ಯ 519.60 ಮೀಟರಿಗೆ ನಿಲ್ಲುತ್ತಿದೆ. 2010ರ ಡಿಸೆಂಬರಿನ ಕೃಷ್ಣಾ ನ್ಯಾಯಮಂಡಳಿ ತೀರ್ಪು 524.256 ಮೀಟರಿಗೆ ಒಪ್ಪಿದೆ. ನಡುವಿನ 4.656 ಮೀಟರಿಗಾಗಿ ಮುಳುಗುವ ಜಮೀನು 75,563 ಎಕರೆ ಎಂಬುದು ಸರ್ಕಾರದ ಲೆಕ್ಕ. ಕಾಲುವೆ, ಪುನರ್ವಸತಿಗೆ ಬೇಕಾದದ್ದು ಸೇರಿದರೆ 1,33,867 ಎಕರೆ. 2025ರ ಸೆಪ್ಟೆಂಬರಿನಲ್ಲಿ ಸಂಪುಟ ಒಪ್ಪಿದ ದರ ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ. ನೀರಾವರಿಯೋ ಒಣಬೇಸಾಯವೋ ಎಂಬ ತರ್ಕಕ್ಕೆ ಮೊದಲು ತೆರೆಯುವ ಕಾಗದ ಉತಾರ. ಅದರ ಒಂದು ಕಾಲಂ ಎಕರೆಗೆ 10 ಲಕ್ಷದ ಪ್ರಶ್ನೆ. ಹೀಗೆ ಹೋಗುವ ಪ್ರತಿ ಹೊಲಕ್ಕೂ ಉತಾರ ಬೇಕು, ವಾರಸಾ ಆಗಬೇಕು, ಅಣ್ಣತಮ್ಮಂದಿರ ಹಿಸ್ಸಾ ಬೇರೆಯಾಗಬೇಕು, ಆಕ್ಷೇಪಣೆಗೆ ಕೊಟ್ಟ ಅವಧಿ ಕಳೆಯಬೇಕು. ಸಾವಿರಾರು ಮನೆಗಳವರು ಒಂದೇ ಅವಧಿಯಲ್ಲಿ ಒಂದೇ ಕೌಂಟರಿಗೆ ಬರುತ್ತಾರೆ. ಆ ತಿಂಗಳುಗಳಲ್ಲಿ ಸರ್ವರಿಗೆ ಯಾವ ರಾತ್ರಿ ಕೈ ಹಾಕಬೇಕು, ಯಾವ ವಾರ ಮುಟ್ಟಲೇಬಾರದು ಎಂಬುದನ್ನು ಬೆಂಗಳೂರಿನ ಕ್ಯಾಲೆಂಡರ್ ನೋಡಿ ಗೊತ್ತುಮಾಡಬಾರದು. ಭೂಸ್ವಾಧೀನದ ನೋಟಿಸುಗಳ ತಾರೀಖು ನೋಡಿ ಗೊತ್ತುಮಾಡಬೇಕು. ಗೊತ್ತಾದ ದಿನ ಮತ್ತು ಹೊತ್ತನ್ನು ಹದಿನೈದು ದಿನ ಮೊದಲು ನಾಡಕಚೇರಿಯ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಬೇಕು. ಇದಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ಸ್ವಲ್ಪ ಅಂಟು.